ಓದುವ ಪುಸ್ತಕವೋ, ಜೇಬಿನಲ್ಲಿಡುವ ಪುಸ್ತಕವೋ?



ನಮ್ಮ ಈ ಮಿಂಚಂಚೆ ಪತ್ರಿಕೆಯಲ್ಲಿ ಕಾದಂಬರಿ, ಕವನ ಸಂಕಲನ, ಆಗೊಮ್ಮೆ ಈಗೊಮ್ಮೆ ಲಲಿತ ಪ್ರಬಂಧ, ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಕೈಗೆತ್ತಿಕೊಂಡಿರುವುದು ಸಾಹಿತ್ಯ ಚರಿತ್ರೆಕಾರರು ಒಳಕ್ಕೆ ಕರೆಯದೆ ಜಗಲಿಯ ಮೇಲೆಯೇ ಕೂರಿಸಿಬಿಟ್ಟಿರುವ ಒಂದು ಪುಸ್ತಕವನ್ನು. 1820ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಲ್ಲಿ, ಜರ್ಮನ್ ಭಾಷೆಯಲ್ಲಿ ಅಚ್ಚಾದ ಮಂತ್ರ-ಮದ್ದುಗಳ ಪುಸ್ತಕ ಇದು. ಬರೆದವನು, ಅಥವಾ ಕೂಡಿಹಾಕಿದವನು, ಯೋಹಾನ್ ಗೆಯೋರ್ಗ್ ಹೋಮನ್. ಮೂಲದ ಹೆಸರಿನ ಅರ್ಥ 'ಬಹುಕಾಲ ಬಚ್ಚಿಟ್ಟಿದ್ದ ಗೆಳೆಯ' ಎಂದು. ಇಂಗ್ಲಿಷಿಗೆ ಬರುವಾಗ 'ದಿ ಲಾಂಗ್ ಲಾಸ್ಟ್ ಫ್ರೆಂಡ್' ಆಯಿತು. ಬಚ್ಚಿಟ್ಟವನು ಕಳೆದುಹೋದವನಾದ! ಅನುವಾದದಲ್ಲಿ ಕಳೆದುಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪೂರ್ವ ಕರಾವಳಿಯಲ್ಲಿರುವ ನಮ್ಮಲ್ಲಿ ಬಹಳಷ್ಟು ಮಂದಿ ಈ ಪುಸ್ತಕದ ಸೀಮೆಯನ್ನು ಹಾದುಹೋದವರೇ. ಊರಿಂದ ಅಪ್ಪ ಅಮ್ಮ ಬಂದಾಗ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆಂದು ಟರ್ನ್‌ಪೈಕ್ ಹಿಡಿದು ಹೊರಟರೆ ರೆಡಿಂಗ್, ಲ್ಯಾಂಕಾಸ್ಟರ್, ಹ್ಯಾರಿಸ್‌ಬರ್ಗ್ ಎಂಬ ಫಲಕಗಳು ಒಂದೊಂದಾಗಿ ಬರುತ್ತವೆ. ಆಮಿಷ್ ಜನರ ಕುದುರೆ ಗಾಡಿಯ ಫೋಟೋ ತೆಗೆದು, ಅಲ್ಲಿನ ಕಣಜಗಳ ಗೋಡೆಯ ಮೇಲೆ ಬಣ್ಣದ ನಕ್ಷತ್ರ ಬಿಡಿಸಿರುವುದನ್ನು ಕಂಡು, ಅದೂ ಆಮಿಷರದೇ ಇರಬೇಕು ಅಂದುಕೊಂಡು ಮುಂದೆ ಹೋಗುತ್ತೇವೆ. ನಿಜದಲ್ಲಿ ಆ ನಕ್ಷತ್ರಗಳು ಲೂಥರನ್ ಮತ್ತು ರಿಫಾರ್ಮ್ಡ್ ಪಂಥದ ಜರ್ಮನ್ ರೈತರವು. ಅವು ಮಾಟ ತಡೆಯುವುದಕ್ಕೋ ಬರೀ ಚಂದಕ್ಕೋ ಎಂಬ ಜಗಳ ವಿದ್ವಾಂಸರಲ್ಲಿ ಬಹಳ ಹಿಂದಿನದು. ಹೋಮನ್‌ನ ಪುಸ್ತಕ ಕೊಂಡು ಬಳಸಿದವರು ಈ ರೈತರೇ.

ಮಂತ್ರವಿದ್ಯೆಯ ಇಂಥ ಪುಸ್ತಕಗಳಿಗೆ ಯುರೋಪಿನಲ್ಲಿ 'ಗ್ರಿಮ್ವಾರ್' ಅನ್ನುತ್ತಾರೆ. ಫ್ರೆಂಚಿನಲ್ಲಿ ವ್ಯಾಕರಣಕ್ಕಿರುವ ಪದವೇ ತಿರುಚಿಕೊಂಡು ಈ ಪದವಾಯಿತಂತೆ. ಓದು ಬಾರದವರಿಗೆ ಲ್ಯಾಟಿನ್ ವ್ಯಾಕರಣವೂ ಮಾಟದ ಪುಸ್ತಕದ ಹಾಗೇ ಕಂಡಿದ್ದರೆ ಆಶ್ಚರ್ಯವಿಲ್ಲ. (ಕೇಶಿರಾಜನನ್ನು ಮೊದಲ ಸಲ ಬಿಡಿಸಿ ನೋಡಿದಾಗ ನಮಗೂ ಹಾಗೇ ಆಗಿತ್ತು.) ಗ್ರಿಮ್ವಾರ್‌ಗಳಲ್ಲಿ ದೊಡ್ಡ ಹೆಸರು 'ಸೊಲೊಮನ್‌ನ ಕೀಲಿಕೈ'ಯದು. ಮೇದರ್ಸ್ ಎಂಬಾತ 1889ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಅದರಲ್ಲಿ ಒಂದು ಕೆಲಸ ಆಗಬೇಕಾದರೆ ಗ್ರಹದ ಹೋರೆ ನೋಡಬೇಕು, ಉಪವಾಸವಿರಬೇಕು, ಇಂಥದೇ ಚರ್ಮದ ಹಾಳೆ ಬೇಕು, ಇಂಥದೇ ಚೂರಿ ಬೇಕು, ನೆಲದ ಮೇಲೆ ಮಂಡಲ ಬರೆಯಬೇಕು. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದವರಿಗೆ ಈ ಅನುಭವ ಚೆನ್ನಾಗಿ ಗೊತ್ತು. ಮೊದಲ ನಲವತ್ತು ಪುಟ ಏನೇನು ಮುಂಚೆಯೇ ಇರಬೇಕು ಎಂಬ ಪಟ್ಟಿ, ಕೆಲಸ ಶುರುವಾಗುವುದು ಆಮೇಲೆ.

ಹೋಮನ್‌ನ ಪುಸ್ತಕದಲ್ಲಿ ಈ ಸಂಭ್ರಮ ಯಾವುದೂ ಇಲ್ಲ. ಒಂದು ಬೆರಳು, ಒಂದು ದಾರ, ಒಂದು ತಟ್ಟೆ ಇದ್ದರೆ ಸಾಕು. ಪ್ರಸಿದ್ಧವಾದ 'ಸಾಟೋರ್' ಚೌಕವನ್ನೇ ನೋಡಿ. ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಹೇಗೆ ಓದಿದರೂ ಅದೇ ಐದು ಲ್ಯಾಟಿನ್ ಪದಗಳು ಬರುವ ಅಕ್ಷರಬಂಧ ಅದು. ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ಪಾಂಪೇಯ ಕಂಬವೊಂದರ ಮೇಲೂ ಸಿಕ್ಕಿದೆ. ನಮ್ಮ ಚಿತ್ರಕವಿಗಳು ನೋಡಿದ್ದರೆ ತಲೆದೂಗುತ್ತಿದ್ದರು. ಹೋಮನ್ ಅದನ್ನು ಏನು ಮಾಡಿದ? ಮನೆಗೆ ಬೆಂಕಿ ಬಿದ್ದರೆ ತಟ್ಟೆಯ ಎರಡೂ ಬದಿಗೆ ಅದನ್ನು ಬರೆದು ಬೆಂಕಿಗೆ ಎಸೆಯಿರಿ, ನೀರಿಲ್ಲದೆ ಆರುತ್ತದೆ ಎಂದ!

ಈ ಹೋಮನ್ ಯಾರು? 1802ರಲ್ಲಿ ಹೆಂಡತಿ ಮತ್ತು ಮಗನೊಡನೆ ಹ್ಯಾಂಬರ್ಗಿನಿಂದ ಹಡಗು ಹತ್ತಿ ಫಿಲಡೆಲ್ಫಿಯಾದಲ್ಲಿ ಇಳಿದವನು. ಹಡಗಿನ ದುಡ್ಡು ಕೊಡಲಿಲ್ಲ, ಬಂದಮೇಲೆ ಜೀತವಿದ್ದು ತೀರಿಸಿದ. ಆ ಕಾಲದ ವೀಸಾ ಪದ್ಧತಿ ಅಂತ ಬೇಕಾದರೆ ಅಂದುಕೊಳ್ಳಿ. ಸುತ್ತ ಇದ್ದವರೆಲ್ಲ ಪ್ರಾಟೆಸ್ಟಂಟರು, ಇವನೊಬ್ಬ ಕ್ಯಾಥೊಲಿಕ್. ಜೀತ ಮುಗಿದ ಮೇಲೆ ರೆಡಿಂಗ್ ಹತ್ತಿರ ನೆಲೆಸಿ ಲಾವಣಿಗಳ ಹಾಳೆ, ಭಕ್ತಿಯ ಹಾಳೆ, ಮನೆಯಲ್ಲಿ ತೂಗುಹಾಕುವ 'ಸ್ವರ್ಗದ ಪತ್ರ' ಇವುಗಳನ್ನು ಅಚ್ಚುಹಾಕಿಸಿ ಮಾರುತ್ತಿದ್ದ. ಮಂತ್ರ, ಮದ್ದು, ಪ್ರಕಟಣೆ, ಮಾರಾಟ ಎಲ್ಲವೂ ಒಬ್ಬನೇ.

ಪುಸ್ತಕ ಬಿಡಿಸಿದರೆ ಮೊದಲು ಬರುವುದು ನಗು. ಶೀತಕ್ಕೂ ಉನ್ಮಾದಕ್ಕೂ ಒಂದೇ ಔಷಧಿ: ರಾತ್ರಿ ಬೂಟು ಬಿಚ್ಚಿದ ಮೇಲೆ ಕಾಲ್ಬೆರಳ ಸಂದಿಯಲ್ಲಿ ಕೈಬೆರಳಾಡಿಸಿ ಮೂಸಿ ನೋಡುವುದು. ಖಂಡಿತ ಗುಣವಾಗುತ್ತದಂತೆ. ಜೂಜಿನಲ್ಲಿ ಗೆಲ್ಲಬೇಕೆ? ಬಾವಲಿಯ ಹೃದಯವನ್ನು ಕೆಂಪು ರೇಷ್ಮೆ ದಾರದಲ್ಲಿ ಬಲ ತೋಳಿಗೆ ಕಟ್ಟಿಕೊಳ್ಳಿ. ಇವುಗಳ ನಡುವೆಯೇ ಬಿಯರ್ ತಯಾರಿಸುವುದು, ಮೀನು ಹಿಡಿಯುವುದು, ಭೂಮಿಯಡಿಯ ನೀರು, ಅದಿರು ಹುಡುಕುವ ಕಡ್ಡಿ. ಯಾವ ಕ್ರಮವೂ ಇಲ್ಲ. ನಮ್ಮ ಎರಡನೆಯ ಚಾವುಂಡರಾಯನ 'ಲೋಕೋಪಕಾರ' ನೋಡಿದವರಿಗೆ ಈ ಬೆರಕೆ ಹೊಸದಲ್ಲ. 11ನೆಯ ಶತಮಾನದ ಆ ಕೃತಿಯಲ್ಲೂ ಜ್ಯೋತಿಷ, ನೀರಿನ ಸೆಲೆ ಹುಡುಕುವುದು, ವೃಕ್ಷಾಯುರ್ವೇದ, ಸುಗಂಧ, ಅಡುಗೆ, ವಿಷವೈದ್ಯ ಒಂದೇ ಚಪ್ಪರದಡಿ ಕೂತಿವೆ. ಆದರೆ ಚಾವುಂಡರಾಯ ಅಧಿಕಾರ ಅಧಿಕಾರವಾಗಿ ಬೇರೆ ಮಾಡಿಟ್ಟ, ಪದ್ಯದಲ್ಲಿ ಬರೆದ. ಹೋಮನ್ ಸಂತೆಯ ವ್ಯಾಪಾರಿ, ಸಿಕ್ಕಿದ್ದನ್ನು ಸಿಕ್ಕ ಹಾಗೆ ಚೀಲಕ್ಕೆ ತುಂಬಿದ.

ನಕ್ಕು ಪುಸ್ತಕ ಮುಚ್ಚಿಟ್ಟರೆ ಮಾತ್ರ ನಷ್ಟ ನಮ್ಮದೇ. ಇದರ ಒಳ್ಳೆಯ ಮಂತ್ರಗಳು ಮಂತ್ರಗಳಲ್ಲ, ನಾಲ್ಕೈದು ಸಾಲಿನ ಕತೆಗಳು. ಸುಟ್ಟ ಗಾಯಕ್ಕೆ ಹೇಳುವುದನ್ನು ನೋಡಿ. ಯೇಸು ದಾರಿಯಲ್ಲಿ ಹೋಗುತ್ತಿದ್ದಾನೆ. ಒಂದು ಕೊಳ್ಳಿ ಉರಿಯುತ್ತಿರುವುದು ಕಾಣುತ್ತದೆ. ಹತ್ತಿರ ಹೋದರೆ ಅದು ಕೊಳ್ಳಿಯಲ್ಲ, ಬೆಂಕಿಯ ಮೇಲೆ ಮಲಗಿಸಿದ ಸಂತ ಲಾರೆನ್ಸ್. ಯೇಸು ಕೈಯೆತ್ತಿ ಹರಸುತ್ತಾನೆ, ಉರಿ ಆಳಕ್ಕೂ ಅಗಲಕ್ಕೂ ಹೋಗದೆ ನಿಲ್ಲುತ್ತದೆ. ಅಷ್ಟೇ ಕತೆ. ಅಂದು ಆ ಉರಿ ನಿಂತಿತಲ್ಲ, ಹಾಗೆಯೇ ಇಂದು ಈ ಮಗುವಿನ ಕೈಯ ಉರಿಯೂ ನಿಲ್ಲಲಿ ಎಂಬುದು ಅದರ ತರ್ಕ. ಹೊಟ್ಟೆಹುಳುವಿನ ಮಂತ್ರದಲ್ಲಿ ಮೇರಿ ಮೂರು ಹುಳುಗಳನ್ನು ಕೈಯಲ್ಲಿ ಹಿಡಿದು ನಾಡು ಸುತ್ತುತ್ತಾಳೆ, ಒಂದು ಬಿಳಿ, ಒಂದು ಕಪ್ಪು, ಒಂದು ಕೆಂಪು. ನೋವಿಗೆ ಔಷಧಿಯಾಗಿ ಕತೆ! ಅಳುವ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಊದುತ್ತ ಊದುತ್ತ ಮೆಲುದನಿಯಲ್ಲಿ ಇದನ್ನು ಹೇಳಿದರೆ ಗಾಯ ಮಾಯುತ್ತದೋ ಇಲ್ಲವೋ, ಅಳು ನಿಲ್ಲುವುದರಲ್ಲಿ ನಮಗೆ ಅನುಮಾನವಿಲ್ಲ.

ಜರ್ಮನ್ ನಾಡಿನಲ್ಲಿ ಈ ಬಗೆಯ ಕತೆ-ಮಂತ್ರ ಬಹಳ ಹಳೆಯದು. 1841ರಲ್ಲಿ ಮೆರ್ಸೆಬುರ್ಗ್ ಊರಿನ ಹಳೆಯ ಹಸ್ತಪ್ರತಿಯೊಂದರಲ್ಲಿ ಕುದುರೆಯ ಕಾಲು ಉಳುಕಿದ್ದಕ್ಕೆ ದೇವತೆಗಳು ಮೂಳೆಗೆ ಮೂಳೆ ಕೂಡಿಸುವ ಮಂತ್ರ ಸಿಕ್ಕಿತು. 1864ರಲ್ಲಿ ಅಡಾಲ್ಬರ್ಟ್ ಕೂನ್ ಎಂಬ ವಿದ್ವಾಂಸ ಅದನ್ನು ಅಥರ್ವವೇದದ ಮೂಳೆ ಕೂಡಿಸುವ ಸೂಕ್ತದ ಪಕ್ಕದಲ್ಲಿಟ್ಟು ತೋರಿಸಿದ. ಎರಡರಲ್ಲೂ ಅಂಗಕ್ಕೆ ಅಂಗ ಸೇರುವ ಅದೇ ಪಟ್ಟಿ, ಅದೇ ಲಯ. ಇದನ್ನು ಕೇಳಿದೊಡನೆ 'ಎಲ್ಲ ನಮ್ಮಲ್ಲೇ ಮೊದಲು ಇತ್ತು' ಎಂದು ಮಿಂಚಂಚೆ ಹಂಚುವವರಿದ್ದಾರೆ. ದಯವಿಟ್ಟು ಬೇಡ. ಮುರಿದ ಮೂಳೆ ಎಲ್ಲ ಕಡೆಯೂ ಒಂದೇ ಥರ ನೋಯುತ್ತದೆ ಅನ್ನುವುದೂ ಒಂದು ವಿವರಣೆಯೇ.

ಇನ್ನೊಂದು ಮಂತ್ರವಂತೂ ನಮ್ಮವರ ಬಾಗಿಲಿಗೇ ಬಂದು ನಿಲ್ಲುತ್ತದೆ. ರಾತ್ರಿ ಮನೆಯೊಳಗೆ ನುಗ್ಗಿ ಎದೆಯ ಮೇಲೆ ಕೂರುವ ಪೀಡೆಗೆ ಹೇಳುವ ಮಾತು. ಬರಬೇಡ ಅಂದು ಸುಮ್ಮನಾಗುವುದಿಲ್ಲ. ಎಲ್ಲ ಬೆಟ್ಟ ಹತ್ತಿ ಮುಗಿಸು, ಎಲ್ಲ ಬೇಲಿಗೂಟ ಎಣಿಸಿ ಮುಗಿಸು, ಎಲ್ಲ ಹೊಳೆ ದಾಟಿ ಮುಗಿಸು, ಆಮೇಲೆ ಬಾ ಅನ್ನುತ್ತದೆ. ಅಷ್ಟರಲ್ಲಿ ಬೆಳಗಾಗುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಗಳ ಬಾಗಿಲ ಮೇಲೆ ಬರೆದಿರುತ್ತಿದ್ದ 'ನಾಳೆ ಬಾ' ನೆನಪಿದೆಯೆ? ನಮ್ಮವರದು ಎರಡೇ ಪದದಲ್ಲಿ ಕೆಲಸ ಮುಗಿಸಿದ ಕಾವ್ಯ. ದೆವ್ವ ಪ್ರತಿದಿನ ಬಂದು ಓದಬೇಕು, ಪ್ರತಿದಿನ ವಾಪಸು ಹೋಗಬೇಕು. ಪ್ರೋಗ್ರಾಂ ಬರೆಯುವ ನಮ್ಮಂಥವರು ಇದಕ್ಕೆ ಕೊನೆಯಿಲ್ಲದ ಲೂಪು ಅನ್ನುತ್ತೇವೆ. ಪೆನ್ಸಿಲ್ವೇನಿಯಾದ ಪೀಡೆಗೆ ಕೆಲಸ ಹೆಚ್ಚು, ನಮ್ಮದಕ್ಕೆ ಅಲೆದಾಟ ಹೆಚ್ಚು.

ಈ ಕತೆಗಳು ಹೋಮನ್‌ನವಲ್ಲ. ಜರ್ಮನಿಯಲ್ಲಿ ಮೊದಲೇ ಅಚ್ಚಾಗಿದ್ದ 'ರೊಮಾನುಸ್' ಎಂಬ ಕಿರುಪುಸ್ತಕ ಮೊದಲಾದವುಗಳಿಂದ ಎತ್ತಿದ್ದು ಬಹಳ. ಅವನದೇ ಆದದ್ದು ಎರಡು. ಒಂದು, ತಾನು ಗುಣಪಡಿಸಿದವರ ಪಟ್ಟಿ. ಇಂಥ ಊರಿನ ಇಂಥವರ ಮಗ, ಕಣ್ಣಿನಲ್ಲಿ ಗುಳ್ಳೆ, ಇಂಥ ಇಸವಿ, ಇಪ್ಪತ್ತನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚಿನಲ್ಲಿ ಗುಣ. ಇನ್ನೊಬ್ಬಾತ ಪಕ್ಕದ ಬಿಯರ್ ಭಟ್ಟಿಗೆ ಕೆಲಸಕ್ಕೆ ಬಂದಿದ್ದವನು, ಅವನಿಗೂ ಕಣ್ಣುಗುಳ್ಳೆ, ಅದೇ ಇಪ್ಪತ್ತನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು. ಮತ್ತೊಬ್ಬಳ ಬೆರಳು ನೋವು, ಅದೂ ಅಷ್ಟೇ ಹೊತ್ತು. ಒಂದು ಸುಟ್ಟಗಾಯ ವಾಸಿಮಾಡಿದ್ದು ತಾನಲ್ಲ, ತನ್ನ ಹೆಂಡತಿ ಎಂದೂ ಒಪ್ಪಿ ಬರೆಯುತ್ತಾನೆ. ಆ 'ಸ್ವಲ್ಪ ಹೆಚ್ಚು' ಎಂಬ ಮಾತಿಗೆ ನಾವು ಸೋತಿದ್ದೇವೆ. ಸರಿಯಾಗಿ ಇಪ್ಪತ್ತನಾಲ್ಕು ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಕಾದಂಬರಿಕಾರರು ಬಲು ಕಷ್ಟಪಟ್ಟು ಕಲಿಯುವ ವಿದ್ಯೆ ಇದು. ಗುಣವಾಗದೆ ಹೋದವರ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಪಾಸಾದ ಟೆಸ್ಟುಗಳನ್ನಷ್ಟೇ ವರದಿ ಮಾಡುವ ಎಂಜಿನಿಯರುಗಳು 1819ರಲ್ಲೂ ಇದ್ದರು!

ಅವನದೇ ಆದ ಎರಡನೆಯದು ಮುನ್ನುಡಿ. 31 ಜುಲೈ 1819 ಎಂದು ತಾರೀಕು ಹಾಕಿದ ಈ ಮುನ್ನುಡಿ ಜಗಳಗಂಟಿಯದು. ಮಾತು ಮಾತಿಗೂ ತನ್ನ ಹೆಸರು ಹಿಡಿದು ತಾನೇ ಹೇಳಿಕೊಳ್ಳುತ್ತಾನೆ. ಇಂಥ ಪುಸ್ತಕ ತಪ್ಪು ಅನ್ನುವವರಿಗೆ ಬೈಬಲಿನ ಕೀರ್ತನೆ ತೋರಿಸಿ ಉತ್ತರ ಕೊಡುತ್ತಾನೆ. ಬೇರೆಯವರು ಇಂಥವನ್ನು ಕದ್ದುಮುಚ್ಚಿ ಮಾರುತ್ತಾರೆ, ತಾನು ಎಲ್ಲರೆದುರು ಮಾರುತ್ತೇನೆ ಎಂಬ ಹೆಮ್ಮೆ ಬೇರೆ. ಇದು ಸಣ್ಣ ಮಾತಲ್ಲ. ಆ ಸಮುದಾಯದಲ್ಲಿ ಮಂತ್ರ ಹೇಳಿಕೊಡುವುದಕ್ಕೆ ಕಟ್ಟುಪಾಡಿತ್ತು. ಗಂಡಸು ಹೆಂಗಸಿಗೆ, ಹೆಂಗಸು ಗಂಡಸಿಗೆ, ಗುಟ್ಟಾಗಿ ಹೇಳಿಕೊಡಬೇಕು. ನಮ್ಮ ಹಳ್ಳಿಗಳಲ್ಲೂ ಚೇಳು ಕಡಿದಾಗ ಮಂತ್ರ ಹಾಕುವವರು ಅದನ್ನು ಎಲ್ಲರಿಗೂ ಹೇಳುತ್ತಿರಲಿಲ್ಲ, ಹೇಳಿದರೆ ಶಕ್ತಿ ಹೋಗುತ್ತದೆ ಎಂದು. ಹೋಮನ್ ಆ ಗುಟ್ಟನ್ನು ಅಚ್ಚುಮೊಳೆಗೆ ಕೊಟ್ಟ. ಹೆಸರು ಬರಬೇಕಾದ ಕಡೆ 'ಎನ್. ಎನ್.' ಎಂದು ಎರಡು ಅಕ್ಷರ ಬಿಟ್ಟ, ನಿಮ್ಮ ರೋಗಿಯ ಹೆಸರು ನೀವೇ ತುಂಬಿಕೊಳ್ಳಿ ಎಂದು.

ಗುಟ್ಟು ಒಡೆದವನು ಅದರ ಬದಲಿಗೆ ಬೇರೊಂದು ಶಕ್ತಿಯನ್ನು ಪುಸ್ತಕಕ್ಕೆ ತುಂಬಿದ. ಈ ಪುಸ್ತಕ ಯಾರ ಬಳಿ ಇರುತ್ತದೋ ಅವರಿಗೆ ಶತ್ರುಭಯವಿಲ್ಲ, ಅವರು ನೀರಿನಲ್ಲಿ ಮುಳುಗುವುದಿಲ್ಲ, ಬೆಂಕಿಯಲ್ಲಿ ಸಾಯುವುದಿಲ್ಲ, ಅವರಿಗೆ ಅನ್ಯಾಯದ ತೀರ್ಪು ಬರುವುದಿಲ್ಲ ಎಂದು ಅದರಲ್ಲೇ ಮಾತು ಕೊಟ್ಟ. ಗಮನಿಸಿ, ಓದಿದವರಿಗಲ್ಲ, ಇಟ್ಟುಕೊಂಡವರಿಗೆ. ಪುಸ್ತಕವೇ ತಾಯತವಾಯಿತು. ಮಾರಾಟಗಾರನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ, ಸಾಹಿತಿಗೆ ಇದಕ್ಕಿಂತ ದೊಡ್ಡ ಅವಮಾನವೂ ಇಲ್ಲ. ನಗುವ ಮುನ್ನ ನಮ್ಮ ನಮ್ಮ ಮನೆಯ ಕಪಾಟು ನೋಡಿಕೊಳ್ಳೋಣ. ಊರಿಂದ ಬರುವಾಗ ಸೂಟ್‌ಕೇಸಿನ ಭಾರ ಲೆಕ್ಕಹಾಕಿ, ಉಪ್ಪಿನಕಾಯಿ ತೆಗೆದಿಟ್ಟು ತಂದ ಗದುಗಿನ ಭಾರತ ಎಷ್ಟು ಸಲ ಬಿಚ್ಚಿದ್ದೇವೆ? ಅದು ಮನೆಯಲ್ಲಿದೆ ಎಂಬುದೇ ಒಂದು ರಕ್ಷೆ. ಭಾಷೆ ಮಕ್ಕಳ ಬಾಯಿಂದ ಜಾರುತ್ತಿರುವಾಗ ಪುಸ್ತಕ ಇರುವುದೇ ಸಾಕು ಅನ್ನಿಸುವುದು ಆ ಜರ್ಮನ್ ರೈತರಿಗೂ ನಮಗೂ ಒಂದೇ.

ಈ ಪುಸ್ತಕದ ಮೇಲೆ ನಮಗಿರುವ ತಕರಾರು ಬೇರೆ, ಅದು ಕಾಲ್ಬೆರಳು ಮೂಸುವುದರ ಬಗ್ಗೆ ಅಲ್ಲ. ಇದರಲ್ಲಿ ಎರಡು ಜಾತಿಯ ಮಂತ್ರಗಳಿವೆ. ಸುಟ್ಟಗಾಯದ ಮಂತ್ರಕ್ಕೆ ಶತ್ರು ಬೇಡ. ಗಾಯ, ದೇವರು, ಹೇಳುವವರ ದನಿ, ಮೂರೇ ಸಾಕು. ಕಳ್ಳನನ್ನು ಹಿಡಿಯುವ ಮಂತ್ರ ಹಾಗಲ್ಲ. ಸೂರ್ಯ ಹುಟ್ಟುವ ಮುನ್ನ ಪೇರು ಮರದ ಬಳಿ ಹೋಗಬೇಕು. ಶವಪೆಟ್ಟಿಗೆಯಿಂದ ಕಿತ್ತ ಅಥವಾ ಇನ್ನೂ ಬಳಸದ ಲಾಳದ ಮೂರು ಮೊಳೆ ಬೇಕು. ಒಂದು ಕಳ್ಳನ ತಲೆಗೆ ಮಿದುಳಿಗೆ, ಒಂದು ಶ್ವಾಸಕೋಶಕ್ಕೆ ಈಲಿಗೆ, ಒಂದು ಕಾಲಿಗೆ ಎಂದು ಹೇಳುತ್ತ ಹೊಡೆಯಬೇಕು. ಕದ್ದ ಮಾಲು ತಂದಿಡುವ ತನಕ ಅವನಿಗೆ ಯೂದನಿಗಾದಂಥ ಸಂಕಟವಾಗಬೇಕು. ಇಲ್ಲಿ ಕಳ್ಳನಿಗೆ ಹೆಸರಿಲ್ಲ. ಆ ಜಾಗದಲ್ಲಿ ಯಾರ ಹೆಸರು ತುಂಬುತ್ತೀರಿ? ಯಾರ ಮೇಲೆ ಅನುಮಾನವೋ ಅವರದು. ಹಳ್ಳಿಯಲ್ಲಿ ಅನುಮಾನ ಅಂದರೆ ಪಕ್ಕದ ಮನೆಯವರೇ. ಕೆಡುಕು ಮಾಡುವ ಮಾಟವನ್ನು ಹೋಮನ್ ಎಲ್ಲೂ ಹೇಳಿಕೊಟ್ಟಿಲ್ಲ ಎಂದು ಅವನ ಪರ ವಾದಿಸುವವರಿದ್ದಾರೆ, ಅದು ನಿಜವೂ ಹೌದು. ಆದರೆ ನಿಮಗೆ ಯಾರೋ ಮಾಟ ಮಾಡಿಸಿರಬಹುದು ಎಂಬುದನ್ನು ಪುಟಪುಟದಲ್ಲೂ ಸಹಜ ಸಂಗತಿಯಾಗಿ ಒಪ್ಪಿಕೊಂಡೇ ಹೋಗುತ್ತಾನೆ. ಮಗುವಿನ ಸುಟ್ಟ ಕೈಯ ಪಕ್ಕದಲ್ಲೇ ನೆರೆಯವನ ಮೇಲಿನ ಮೊಳೆ, ನಡುವೆ ಒಂದು ಗೆರೆಯೂ ಇಲ್ಲ.

27 ನವೆಂಬರ್ 1928ರ ರಾತ್ರಿ ಪೆನ್ಸಿಲ್ವೇನಿಯಾದ ಯಾರ್ಕ್ ಕೌಂಟಿಯಲ್ಲಿ ನಡೆದದ್ದನ್ನು ಈ ಪುಟಗಳ ಪಕ್ಕದಲ್ಲಿಟ್ಟು ಓದಬೇಕು. ಜಾನ್ ಬ್ಲೈಮೈರ್ ಎಂಬಾತ ತಾನೇ ಮಂತ್ರ ಹಾಕುವವನು. ಬಹುಕಾಲದಿಂದ ನಿದ್ದೆಯಿಲ್ಲ, ಊಟ ಸೇರದು, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಗುಮಾನಿ. ಸಸ್ಕ್ವಹಾನಾ ಹೊಳೆಯ ದಂಡೆಯ ಮರಿಯೆಟ್ಟಾ ಊರಿನ ಮಂತ್ರವಾದಿ ಮುದುಕಿಯ ಬಳಿ ಹೋದಾಗ ಆಕೆ ಹೆಸರಿನ ಖಾಲಿ ಜಾಗ ತುಂಬಿದಳು: ನೆಲ್ಸನ್ ರೆಮೈಯರ್. ಒಂಟಿಯಾಗಿ ವಾಸವಿದ್ದ ರೈತ, ಅವನೂ ಮಂತ್ರ ಬಲ್ಲವನು. ಬಾಲ್ಯದಲ್ಲಿ ಬ್ಲೈಮೈರ್‌ಗೆ ಮಂತ್ರ ಹಾಕಿ ಗುಣಪಡಿಸಿದ್ದವನು ಇವನೇ ಎಂದು ಪ್ರಕರಣದ ಮೇಲಿನ ಬರಹಗಳಲ್ಲಿ ಬರುತ್ತದೆ. ಪರಿಹಾರ ಎರಡು: ಅವನ ತಲೆಯ ಕೂದಲು ತಂದು ಹೂಳಬೇಕು, ಇಲ್ಲವೇ ಅವನಲ್ಲಿರುವ 'ಲಾಂಗ್ ಲಾಸ್ಟ್ ಫ್ರೆಂಡ್' ಪ್ರತಿಯನ್ನು ಸುಡಬೇಕು. ಬ್ಲೈಮೈರ್ ತನ್ನ ಜೊತೆಗೆ 14 ವರ್ಷದ ಜಾನ್ ಕರಿ, 18ರ ವಿಲ್ಬರ್ಟ್ ಹೆಸ್ ಇಬ್ಬರನ್ನೂ ಕರೆದುಕೊಂಡು ಹೋದ. ಪುಸ್ತಕ ಕೊಡು ಎಂದರು, ಕೊಡಲಿಲ್ಲ. ಹೊಡೆದು ಕೊಂದರು, ಶವಕ್ಕೆ ಬೆಂಕಿ ಇಟ್ಟರು. 1929ರ ಜನವರಿಯಲ್ಲಿ ಬ್ಲೈಮೈರ್‌ಗೂ ಆ ಹುಡುಗ ಕರಿಗೂ ಜೀವಾವಧಿ ಶಿಕ್ಷೆ ಆಯಿತು, ಹೆಸ್‌ಗೆ ಹತ್ತರಿಂದ ಇಪ್ಪತ್ತು ವರ್ಷ.

ಪತ್ರಿಕೆಗಳು ಆಗ ಇಡೀ ಜರ್ಮನ್ ಸೀಮೆಯನ್ನೇ ಮೂಢರ ನಾಡು ಎಂಬಂತೆ ಬರೆದವು. ಅದು ಅನ್ಯಾಯ. ಅದೇ ಪುಸ್ತಕ ಇಟ್ಟುಕೊಂಡು ನೂರು ವರ್ಷ ಮಕ್ಕಳ ಗಾಯ ಊದಿದ ಅಜ್ಜಿಯರು ಯಾರನ್ನೂ ಕೊಲ್ಲಲಿಲ್ಲ. ಹಾಗೆಂದು ಪುಸ್ತಕಕ್ಕೂ ಕೊಲೆಗೂ ಸಂಬಂಧವೇ ಇಲ್ಲ ಅನ್ನುವುದನ್ನೂ ನಾವು ಒಪ್ಪುವುದಿಲ್ಲ. ರೆಮೈಯರ್ ಮನೆಗೆ ಹೋದ ಮೂವರಿಗೆ ಬೇಕಿದ್ದದ್ದು ಪುಸ್ತಕದೊಳಗಿನ ಯಾವ ಮಾತೂ ಅಲ್ಲ, ಪುಸ್ತಕವೆಂಬ ವಸ್ತು. ವಸ್ತುವಿನಲ್ಲಿ ಶಕ್ತಿ ಇದೆ ಎಂದು ಅವರಿಗೆ ಹೇಳಿದ್ದು ಹೋಮನ್‌ನೇ. ಇಟ್ಟುಕೊಂಡವರಿಗೆ ಶತ್ರುಭಯವಿಲ್ಲ ಎಂದು ಹೇಳಿದ್ದೂ ಅವನೇ.

ಓದಬಯಸುವವರಿಗೆ ಎರಡು ಮಾತು. 2012ರಲ್ಲಿ ಡೇನಿಯಲ್ ಹಾರ್ಮ್ಸ್ ಅವರು ಸಂಪಾದಿಸಿದ ಆವೃತ್ತಿ ಇಂದಿಗೂ ಒಳ್ಳೆಯದು. ಜರ್ಮನ್ ಮೂಲ, ಇಂಗ್ಲಿಷ್ ಅನುವಾದ, ಒಂದೊಂದು ಮಂತ್ರ ಎಲ್ಲಿಂದ ಬಂತು ಎಂಬ ಟಿಪ್ಪಣಿ ಎಲ್ಲವೂ ಇವೆ. ಪ್ರಕಟಿಸಿದ್ದು ಮಿನೆಸೋಟಾದ ಲ್ಯೂಲಿನ್ ಸಂಸ್ಥೆ, ಜ್ಯೋತಿಷ ಮತ್ತು ಟ್ಯಾರೋ ಪುಸ್ತಕಗಳಿಗೆ ಹೆಸರಾದವರು. ಹಾಗಾಗಿ ಸಂಶೋಧಕರೂ ಕೊಳ್ಳುತ್ತಾರೆ, ಪ್ರಯೋಗ ಮಾಡುವವರೂ ಕೊಳ್ಳುತ್ತಾರೆ. ಇದನ್ನು ಕಂಡಿದ್ದರೆ ಹೋಮನ್‌ಗೆ ಖುಷಿಯಾಗುತ್ತಿತ್ತು. ಟಿಪ್ಪಣಿಗಳ ಭಾರದಿಂದ ಪುಸ್ತಕ ದಪ್ಪವಾಗಿದೆ, ಜೇಬಿನಲ್ಲಂತೂ ಹಿಡಿಯದು. ಹಿನ್ನೆಲೆ ಬೇಕಾದವರು ಓವೆನ್ ಡೇವೀಸ್ ಅವರ 2009ರ ಗ್ರಿಮ್ವಾರ್‌ಗಳ ಚರಿತ್ರೆ ನೋಡಬಹುದು. ನಮ್ಮ ಬಳಗದಲ್ಲಿ ಜರ್ಮನಿಯಲ್ಲಿ ಕೆಲಸ ಮಾಡಿ ಬಂದವರು ಕೆಲವರಿದ್ದೀರಿ. ಮುಂದಿನ ಸಭೆಗೆ ಆ ಸುಟ್ಟಗಾಯದ ಮಂತ್ರದ ಮೂಲವನ್ನು ಗಟ್ಟಿಯಾಗಿ ಓದಿ ತೋರಿಸಲು ಯಾರಾದರೂ ಮುಂದೆ ಬಂದರೆ, ಕನ್ನಡಕ್ಕೆ ತರುವ ಪ್ರಯತ್ನವನ್ನು ಎಲ್ಲರೂ ಸೇರಿ ಮಾಡೋಣ. ಮೂರು ಮೊಳೆಯ ಮಂತ್ರವನ್ನು ಹಾಗೇ ಬಿಡೋಣ.